ಒಕ್ಕಲುತನವೂ ಅಣುವ್ರತವೂ

ವ್ರತೋಪವಾಸಗಳನ್ನು ಕುರಿತು ನಮ್ಮಲ್ಲಿ ನಡೆಯುವ ಪ್ರವಚನಗಳೂ ಪ್ರಕಟವಾಗುವ ಲೇಖನಗಳೂ ಬಹುಮಟ್ಟಿಗೆ ತುಸು ಬಿಡುವುಳ್ಳ ಗೃಹಸ್ಥನನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೊರಡುತ್ತವೆ. ಅಷ್ಟಮಿ ಬಂದಿತೆಂದು ಅಂಗಡಿಯ ಬಾಗಿಲನ್ನು ಒಂದು ದಿನ ಮುಚ್ಚಬಲ್ಲವನಿಗೆ, ಪರ್ವಕಾಲದಲ್ಲಿ ಬಸದಿಯಲ್ಲಿ ಕುಳಿತು ಸ್ವಾಧ್ಯಾಯ ಮಾಡಬಲ್ಲವನಿಗೆ ಆ ಮಾತುಗಳು ಸುಲಭವಾಗಿ ಹೊಂದುತ್ತವೆ. ಆದರೆ ನಮ್ಮ ದಿಗಂಬರ ಜೈನ ಸಮಾಜದಲ್ಲಿ ನೇಗಿಲನ್ನು ನಂಬಿ ಬಾಳಿದ ಮನೆತನಗಳ ಸಂಖ್ಯೆ ಅಲ್ಪವಲ್ಲ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯಲ್ಲಿಯೂ, ಗಡಿಯಾಚೆಯ ಕೊಲ್ಹಾಪುರ, ಸಾಂಗಲಿ ಜಿಲ್ಲೆಗಳಲ್ಲಿಯೂ ಜಿನಮಂದಿರವಿರುವ ಎಷ್ಟೋ ಹಳ್ಳಿಗಳಲ್ಲಿ ಶ್ರಾವಕನೆಂದರೆ ಮುಖ್ಯವಾಗಿ ರೈತನೇ. ಅವನಿಗೆ ವ್ರತವೆಂದರೆ ಏನು? ಈ ಪ್ರಶ್ನೆಯನ್ನು ಅವನ ಹೊಲದ ಬದುವಿನ ಮೇಲೆಯೇ ನಿಂತು ಕೇಳಿಕೊಳ್ಳುವುದು ಅಗತ್ಯವಾಗಿದೆ.

ಅಂಥ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳೋಣ. ನದಿಯ ದಡಕ್ಕೆ ಹತ್ತಿರವಾಗಿ ಅವನಿಗೆ ನಾಲ್ಕೆಂಟು ಎಕರೆ ಭೂಮಿ. ಅದರಲ್ಲಿ ಅರ್ಧ ಕಬ್ಬು, ಉಳಿದುದರಲ್ಲಿ ಸೋಯಾ, ಜೋಳ, ಶೇಂಗಾ. ವೃದ್ಧ ತಾಯಿ, ಹೆಂಡತಿ, ಓದುವ ಮಗ, ಮದುವೆಗೆ ಬಂದ ಮಗಳು. ಕೋಳಿ ಕೂಗುವ ಮೊದಲೇ ಎದ್ದು ದನಕ್ಕೆ ಮೇವು ಹಾಕುತ್ತಾನೆ. ಮೃಗಶಿರಾ ಮಳೆ ಬಿದ್ದಿತೆಂದರೆ ಹಗಲು ರಾತ್ರಿಗಳ ಭೇದವಿಲ್ಲದೆ ಹೊಲದಲ್ಲಿರುತ್ತಾನೆ. ಪಂಪಿಗೆ ಮೂರು ಫೇಸಿನ ವಿದ್ಯುತ್ತು ರಾತ್ರಿಯಲ್ಲಿ ಬಂದರೆ ಕಂದೀಲನ್ನೋ ಬ್ಯಾಟರಿಯನ್ನೋ ಹಿಡಿದು ನೀರು ತಿರುಗಿಸಲು ಹೋಗುತ್ತಾನೆ. ಸೊಸೈಟಿಯ ಸಾಲ, ಕಾರ್ಖಾನೆಯಿಂದ ಬರಬೇಕಾದ ಕಬ್ಬಿನ ಬಿಲ್ಲು, ಮಗನ ಕಾಲೇಜಿನ ಶುಲ್ಕ ಇವುಗಳ ಲೆಕ್ಕ ಅವನ ತಲೆಯಿಂದ ಇಳಿಯುವುದೇ ಇಲ್ಲ. ಅವನು ಮದ್ಯ, ಮಾಂಸ, ಮಧುಗಳನ್ನು ಮುಟ್ಟಿದವನಲ್ಲ. ಯಾರ ಒಂದು ಗುಂಟೆ ನೆಲವನ್ನೂ ಒತ್ತಿದವನಲ್ಲ. ಇಂಥವನನ್ನು ಊರಿನವರು ಸಜ್ಜನನೆಂದು ಕರೆಯುತ್ತಾರೆ. ಕರೆಯುವುದು ಯುಕ್ತವೂ ಆಗಿದೆ.

ವ್ರತದ ಮಾತನ್ನು ಅವನ ಮುಂದೆ ಎತ್ತಿದಾಗ ಎರಡು ಬಗೆಯ ಉತ್ತರಗಳು ಬರುತ್ತವೆ. ಒಮ್ಮೆ ಅವನು ಹೇಳುತ್ತಾನೆ: "ಬೆಳಗಿನಿಂದ ಬೈಗಿನವರೆಗೆ ಮೈಮುರಿದು ದುಡಿಯುತ್ತೇನೆ, ಹೆಂಡಿರು ಮಕ್ಕಳನ್ನು ಸಾಕುತ್ತೇನೆ. ಈ ದುಡಿಮೆಯೇ ನನ್ನ ತಪಸ್ಸು. ಇದರ ಮೇಲೆ ಬೇರೆ ವ್ರತವೇಕೆ?" ಇನ್ನೊಮ್ಮೆ, ದನಿಯನ್ನು ತಗ್ಗಿಸಿ, ಹೀಗೆನ್ನುತ್ತಾನೆ: "ಒಂದು ಸಾಲು ಉತ್ತರೆ ಎಷ್ಟು ಜೀವಗಳು ಸಾಯುತ್ತವೆಯೋ! ನಮ್ಮಂಥವರಿಗೆ ಎಲ್ಲಿಯ ಅಹಿಂಸೆ? ಅದೆಲ್ಲ ವ್ಯಾಪಾರ ಮಾಡುವವರಿಗೆ ಸರಿ." ಮೊದಲನೆಯದರಲ್ಲಿ ಸ್ವಾಭಿಮಾನವಿದೆ, ಎರಡನೆಯದರಲ್ಲಿ ನಿರಾಶೆಯಿದೆ. ಆದರೆ ಎರಡೂ ಮಾತುಗಳು ಮುಟ್ಟುವ ಸ್ಥಳ ಒಂದೇ: ವ್ರತ ತನ್ನದಲ್ಲ ಎಂಬುದು. ಈ ಎರಡನ್ನೂ ಪರೀಕ್ಷಿಸಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ನಿರಾಶೆಯ ಮಾತನ್ನು ತೆಗೆದುಕೊಳ್ಳೋಣ. ಕೃಷಿಯು ಶ್ರಾವಕನಿಗೆ ನಿಷಿದ್ಧವೇ? ಕರ್ಮಭೂಮಿಯ ಆದಿಯಲ್ಲಿ ಕಲ್ಪವೃಕ್ಷಗಳು ಕ್ಷೀಣಿಸಿ ಪ್ರಜೆಗಳು ಹಸಿವಿನಿಂದ ಬಳಲಿದಾಗ ಭಗವಾನ್ ವೃಷಭದೇವರು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದರೆಂಬುದು ಪುರಾಣಪ್ರಸಿದ್ಧ. ಜಿನಸೇನಾಚಾರ್ಯರ ಮಹಾಪುರಾಣದ ಕಾಲದಿಂದಲೂ, 941ರಲ್ಲಿ ಕನ್ನಡದಲ್ಲಿ ಆದಿಪುರಾಣವನ್ನು ರಚಿಸಿದ ಪಂಪನ ಕಾಲದಿಂದಲೂ ನಮ್ಮ ಮನೆಗಳಲ್ಲಿ ಕೇಳಿಬಂದ ಕಥೆ ಇದು. ಪ್ರಥಮ ತೀರ್ಥಂಕರರೇ ಕಲಿಸಿದ ಕಸುಬನ್ನು ಅಧರ್ಮವೆನ್ನಲು ಯಾರಿಗೂ ಅಧಿಕಾರವಿಲ್ಲ.

ಇದಕ್ಕಿಂತಲೂ ಸ್ಪಷ್ಟವಾದ ಆಧಾರ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ದೊರೆಯುತ್ತದೆ. ಅಲ್ಲಿ ಶ್ರಾವಕನ ಹನ್ನೊಂದು ಪದಗಳನ್ನು, ಅಂದರೆ ಪ್ರತಿಮೆಗಳನ್ನು, ನಿರೂಪಿಸುವಾಗ ಎಂಟನೆಯದಾದ ಆರಂಭತ್ಯಾಗ ಪ್ರತಿಮೆಯಲ್ಲಿ ಸೇವೆ, ಕೃಷಿ, ವಾಣಿಜ್ಯ ಮೊದಲಾದ ಆರಂಭಗಳಿಂದ ಶ್ರಾವಕನು ನಿವೃತ್ತನಾಗಬೇಕೆಂದು ವಿಧಿಸಲಾಗಿದೆ. ಎರಡು ಸಂಗತಿಗಳು ಇದರಿಂದ ಸಿದ್ಧವಾಗುತ್ತವೆ. ಏಳನೆಯ ಪ್ರತಿಮೆಯವರೆಗೆ ಏರಿದ ಶ್ರಾವಕನೂ ಕೃಷಿಯಲ್ಲಿ ತೊಡಗಿರಬಹುದು ಎಂಬುದು ಒಂದು. ಬಿಡುವ ಕಾಲ ಬಂದಾಗ ಕೃಷಿಯೊಂದನ್ನೇ ಅಲ್ಲ, ನೌಕರಿಯನ್ನೂ ವ್ಯಾಪಾರವನ್ನೂ ಅದರೊಡನೆಯೇ ಬಿಡಬೇಕು ಎಂಬುದು ಎರಡನೆಯದು. ಮೂರನ್ನೂ ಆಚಾರ್ಯರು ಒಂದೇ ತಕ್ಕಡಿಯಲ್ಲಿ ಇಟ್ಟಿದ್ದಾರೆ. ಆದ್ದರಿಂದ ತಕ್ಕಡಿ ಹಿಡಿದವನ ಕೈ ಶುದ್ಧ, ನೇಗಿಲು ಹಿಡಿದವನ ಕೈ ಅಶುದ್ಧ ಎಂಬ ಭಾವನೆಗೆ ಆ ಗ್ರಂಥದಲ್ಲಿ ಆಧಾರವಿಲ್ಲ. ವಿಚಾರಿಸಿ ನೋಡಿದರೆ ವ್ಯಾಪಾರಿಯ ಅಂಗಡಿಯ ಧಾನ್ಯವೂ ಯಾರೋ ಒಬ್ಬನ ನೇಗಿಲಿನ ಹಿಂದೆಯೇ ಬಂದದ್ದು. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದಾರಿಗಳನ್ನೂ ನಮ್ಮ ಧರ್ಮ ಎಣಿಕೆಗೆ ತೆಗೆದುಕೊಳ್ಳುವುದರಿಂದ, ಅನ್ನವನ್ನು ಉಣ್ಣುವವನು ಉಳುವವನನ್ನು ಹೀನವಾಗಿ ಕಾಣುವುದು ನ್ಯಾಯವಲ್ಲ.

ಇದಕ್ಕೆ ಪ್ರತಿಯಾದ ದೃಷ್ಟಿಯೂ ಜೈನ ವಾಙ್ಮಯದಲ್ಲಿ ಇಲ್ಲದಿಲ್ಲ. ಶ್ವೇತಾಂಬರ ಪರಂಪರೆಯ ಹೇಮಚಂದ್ರರು ಯೋಗಶಾಸ್ತ್ರದಲ್ಲಿ ಹೇಳಿದ ಹದಿನೈದು ಕರ್ಮಾದಾನಗಳಲ್ಲಿ ನೆಲವನ್ನು ಅಗೆದು ಸೀಳಿ ಜೀವಿಸುವ ವೃತ್ತಿಯೂ ಸೇರಿದೆ. ಜೀವಹಿಂಸೆಯನ್ನು ಕಂಡು ಕರಗಿದ ಮನಸ್ಸಿನಿಂದ ಹುಟ್ಟಿದ ಎಚ್ಚರಿಕೆ ಅದು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ನೇಗಿಲಿನ ಕೆಳಗೆ ಎರೆಹುಳು, ಇರುವೆ ಮೊದಲಾದ ತ್ರಸಜೀವಿಗಳು ಸಾಯುತ್ತವೆಯೆಂಬುದು ಕಣ್ಣಿಗೆ ಕಾಣುವ ಸತ್ಯ. ಆದರೆ ಆ ಸತ್ಯವನ್ನು ತೂಗಿ ನೋಡುವ ಬಗೆಯನ್ನು ನಮ್ಮ ನಾಡಿನ ಆಚಾರ್ಯರೊಬ್ಬರು ಬಹು ಹಿಂದೆಯೇ ತೋರಿಸಿಕೊಟ್ಟಿದ್ದಾರೆ.

959ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಸೋಮದೇವಸೂರಿಗಳು ಯಶಸ್ತಿಲಕ ಚಂಪುವನ್ನು ಪೂರ್ಣಗೊಳಿಸಿದರು. ಅದರ ಉಪಾಸಕಾಧ್ಯಯನ ಭಾಗದಲ್ಲಿ ಅವರು ಬೆಸ್ತನನ್ನೂ ರೈತನನ್ನೂ ಹೋಲಿಸಿ ಒಂದು ಮಾತನ್ನು ಹೇಳಿದ್ದಾರೆ. ಬಲೆ ಬೀಸಿ ಕುಳಿತ ಬೆಸ್ತನಿಗೆ ದಿನವಿಡೀ ಒಂದು ಮೀನೂ ಸಿಗದೆ ಹೋಗಬಹುದು. ಆದರೂ ಕೊಲ್ಲುವ ಸಂಕಲ್ಪ ಅವನಲ್ಲಿ ತುಂಬಿರುವುದರಿಂದ ಪಾಪ ತಪ್ಪದು. ಉಳುವ ರೈತನ ಕೈಯಿಂದ ಜೀವಿಗಳು ಸತ್ತರೂ ಅವುಗಳನ್ನು ಕೊಲ್ಲಬೇಕೆಂಬ ಅಭಿಪ್ರಾಯ ಅವನಲ್ಲಿಲ್ಲದ ಕಾರಣ ಆ ಪಾಪ ಅವನಿಗೆ ಹಾಗೆ ಅಂಟದು. ಇದು ಅದರ ತಾತ್ಪರ್ಯ. ಸಂಕಲ್ಪಿ, ಉದ್ಯಮಿ, ಆರಂಭಿ, ವಿರೋಧಿ ಎಂದು ಹಿಂಸೆಯನ್ನು ನಾಲ್ಕಾಗಿ ವಿಭಾಗಿಸಿ, ಗೃಹಸ್ಥನು ಸಂಕಲ್ಪಿ ಹಿಂಸೆಯನ್ನು ಸಂಪೂರ್ಣವಾಗಿ ಬಿಡಬೇಕು, ಉಳಿದವುಗಳನ್ನು ಶಕ್ತಿಯಿದ್ದಷ್ಟು ಕಡಿಮೆ ಮಾಡಬೇಕು ಎಂದು ನಾವು ಮಕ್ಕಳಿಗೆ ಕಲಿಸುವುದರ ಹಿಂದೆ ಇದೇ ವಿವೇಕವಿದೆ. ಸಮಂತಭದ್ರರ ಅಹಿಂಸಾಣುವ್ರತವೂ ಚರಜೀವಿಗಳನ್ನು ಸಂಕಲ್ಪಪೂರ್ವಕವಾಗಿ ಕೊಲ್ಲದಿರುವುದನ್ನೇ ಕೇಳುತ್ತದೆ.

ಇಲ್ಲಿಗೆ ರೈತನ ನಿರಾಶೆಗೆ ಉತ್ತರ ದೊರೆಯಿತು. ಆದರೆ ಈ ಸಮಾಧಾನವನ್ನೇ ಹಾಸಿಗೆಯಾಗಿ ಹಾಸಿಕೊಂಡು ಮಲಗುವ ಅಪಾಯವೂ ಉಂಟು. "ನನ್ನ ಮನಸ್ಸಿನಲ್ಲಿ ಕೊಲ್ಲುವ ಇಚ್ಛೆಯಿಲ್ಲ" ಎಂದು ಹೇಳಿಕೊಂಡ ಮಾತ್ರಕ್ಕೆ ಎಲ್ಲವೂ ಪರಿಹಾರವಾಗುವುದಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಮೊದಲಿಗೆ ಇಟ್ಟಿದ್ದಾರೆ. ಇಚ್ಛೆಯಿಲ್ಲದಿರುವುದು ಸಾಲದು, ಎಚ್ಚರವೂ ಬೇಕು. ರೈತನಿಗೆ ನೇಗಿಲಿನ ಕೆಳಗಿನ ಹುಳು ಕಾಣುವುದಿಲ್ಲ. ಆದರೆ ಅವನ ಕಣ್ಣೆದುರಿಗೇ ನಿಂತ ಜೀವಗಳಿವೆ. ಅವುಗಳ ವಿಷಯದಲ್ಲಿ ಕಾಣಲಿಲ್ಲವೆಂಬ ನೆಪಕ್ಕೆ ಎಡೆಯಿಲ್ಲ. ಅವನ ವ್ರತ ಆರಂಭವಾಗುವುದು ಅಲ್ಲಿಂದ.

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಸ್ವಲ್ಪ ಗಮನಿಸಬೇಕು: ಛೇದನ, ಬಂಧನ, ಪೀಡನ, ಅತಿಭಾರಾರೋಪಣ, ಆಹಾರವಾರಣ. ಕತ್ತರಿಸುವುದು ಅಥವಾ ಚುಚ್ಚುವುದು, ಬಿಗಿಯುವುದು, ಹೊಡೆಯುವುದು, ಮಿತಿಮೀರಿ ಹೊರೆ ಹೇರುವುದು, ಆಹಾರವನ್ನು ತಡೆಯುವುದು. ಈ ಪಟ್ಟಿಯನ್ನು ಓದಿದವನಿಗೆ ಥಟ್ಟನೆ ಕಣ್ಣಿಗೆ ಕಟ್ಟುವುದು ಎತ್ತಿನ ಕೊಟ್ಟಿಗೆಯೇ. ಮೂಗುದಾರ, ಕಣ್ಣಿ, ಬಾರುಕೋಲು, ಚಕ್ಕಡಿಯ ಹೊರೆ, ರಾಶಿಯ ಕಣದಲ್ಲಿ ಎತ್ತಿನ ಬಾಯಿಗೆ ಕಟ್ಟುವ ಬುಟ್ಟಿ, ಇವೆಲ್ಲವೂ ಅದರೊಳಗಿವೆ. ಅಷ್ಟೇ ಅಲ್ಲ. ಸಮಂತಭದ್ರರು ಪರಿಗ್ರಹಪರಿಮಾಣ ವ್ರತಕ್ಕೆ ಹೇಳಿದ ಅತಿಚಾರಗಳಲ್ಲಿಯೂ ಮೊದಲನೆಯದು ಅತಿವಾಹನ, ಕೊನೆಯದು ಅತಿಭಾರವಹನ. ಎತ್ತು ಮೊದಲಾದವುಗಳನ್ನು ಅವುಗಳ ಶಕ್ತಿಗೆ ಮೀರಿ ದೂರ ನಡೆಸುವುದು, ಅವುಗಳ ಮೇಲೆ ಅಳತೆ ಮೀರಿ ಹೇರುವುದು. ಆಸ್ತಿಯ ಮಿತಿಗೂ ಎತ್ತಿನ ಬೆನ್ನಿಗೂ ಏನು ಸಂಬಂಧವೆಂದು ತೋರಬಹುದು. ಆದರೆ ಒಡೆಯನ ಆಸೆಯ ಭಾರ ಕಡೆಗೆ ಹೋಗಿ ಕೂರುವುದು ಮೂಕಪ್ರಾಣಿಯ ಹೆಗಲ ಮೇಲೆಯೇ ಎಂಬುದನ್ನು ಆಚಾರ್ಯರು ಬಲ್ಲವರಾಗಿದ್ದರು. ಶ್ರಾವಕಾಚಾರವು ರೈತನಿಗೆ ದೂರವಾದ ಗ್ರಂಥವೆಂದು ಯಾರು ಹೇಳುತ್ತಾರೋ ಅವರು ಅದನ್ನು ಕೊಟ್ಟಿಗೆಯಲ್ಲಿ ನಿಂತು ಓದಿಲ್ಲ.

ಇಂದು ಅನೇಕ ಮನೆಗಳಲ್ಲಿ ಎತ್ತುಗಳಿಲ್ಲ, ಟ್ರ್ಯಾಕ್ಟರು ಬಂದಿದೆ. ಹಾಗಾದರೆ ಈ ಅತಿಚಾರಗಳು ಅಪ್ರಸ್ತುತವಾದವೇ? ಇಲ್ಲ. ಕಬ್ಬಿನ ಹಂಗಾಮಿನಲ್ಲಿ ಬೀಡ ಮೊದಲಾದ ಬರಗಾಲದ ಪ್ರದೇಶಗಳಿಂದ ಕಬ್ಬು ಕಡಿಯುವ ತಂಡಗಳು ಹೆಂಡಿರು ಮಕ್ಕಳೊಡನೆ ಬಂದು ನಮ್ಮ ಹೊಲಗಳ ಅಂಚಿನಲ್ಲಿ ಗುಡಿಸಲು ಹಾಕುತ್ತವೆ. ನಸುಕಿನ ಚಳಿಯಲ್ಲಿ ಕಬ್ಬು ಕಡಿದು, ಕಟ್ಟಿದ ಹೊರೆಯನ್ನು ತಲೆಯ ಮೇಲೆ ಹೊತ್ತು ಗಾಡಿಗೆ ಏರಿಸುತ್ತಾರೆ. ಗರ್ಭಿಣಿಯರೂ ಆ ಕೆಲಸದಲ್ಲಿರುತ್ತಾರೆ. ಅತಿಭಾರಾರೋಪಣವೆಂಬ ಮಾತು ಎತ್ತಿಗೆ ಅನ್ವಯಿಸಿ ಮನುಷ್ಯನಿಗೆ ಅನ್ವಯಿಸದಿರಲು ಸಾಧ್ಯವೇ? ಕೂಲಿಯ ಹಣವನ್ನು ಇಂದು ನಾಳೆಯೆಂದು ಮುಂದೂಡುವುದು ಆಹಾರವಾರಣವಲ್ಲದೆ ಮತ್ತೇನು? ಕೂಲಿಯವನ ಮನೆಯಲ್ಲಿ ಅಂದಿನ ಹಣವೇ ಅಂದಿನ ಹಿಟ್ಟು. ದಶಲಕ್ಷಣ ಪರ್ವದಲ್ಲಿ ಹತ್ತು ದಿನ ನಿರಾಹಾರಿಯಾದ ಯಜಮಾನನು ಆಳಿನ ಕೂಲಿಯನ್ನು ಹದಿನೈದು ದಿನ ತಡೆದರೆ, ಆ ಮನೆಯಲ್ಲಿ ಎರಡು ಉಪವಾಸಗಳು ನಡೆದಂತಾಯಿತು: ಒಂದು ಸಂಕಲ್ಪದಿಂದ, ಇನ್ನೊಂದು ಬಲಾತ್ಕಾರದಿಂದ. ಎರಡನೆಯದರ ಫಲವೂ ಯಜಮಾನನ ಖಾತೆಗೇ ಸೇರತಕ್ಕದ್ದು.

ಈಗ ಅವನ ಇನ್ನೊಂದು ಮಾತಿಗೆ ಬರೋಣ: ದುಡಿಮೆಯೇ ತಪಸ್ಸು ಎಂಬುದು. ದುಡಿಮೆಯ ಗೌರವವನ್ನು ಯಾರೂ ಕಡಿಮೆ ಮಾಡಬಾರದು. ಸೋಮಾರಿಯ ಉಪವಾಸಕ್ಕಿಂತ ದುಡಿಯುವವನ ತುತ್ತು ಮೇಲು ಎಂಬ ಜನರ ಅಭಿಪ್ರಾಯದಲ್ಲಿ ಸತ್ಯಾಂಶವಿದೆ. ಆದರೆ ತಪಸ್ಸೆಂದರೆ ಇಚ್ಛಾನಿರೋಧವೆಂದು ನಮ್ಮ ಪರಂಪರೆ ತಿಳಿಯುತ್ತದೆ. ದುಡಿಮೆಯಲ್ಲಿ ದೇಹ ದಣಿಯುತ್ತದೆ, ಇಚ್ಛೆ ದಣಿಯುತ್ತದೆಯೇ? ಎರಡೆಕರೆ ಇದ್ದಾಗ ನಾಲ್ಕು ಬೇಕೆನಿಸುತ್ತದೆ. ನಾಲ್ಕಾದಾಗ ಪಕ್ಕದ ತುಂಡು ಮಾರಾಟಕ್ಕೆ ಬಂದೀತೇ ಎಂದು ಕಣ್ಣು ಕಾಯುತ್ತದೆ. ಹಗಲಿರುಳು ದುಡಿದು ಹಗಲಿರುಳೂ ಆಸೆಯನ್ನೇ ಬೆಳೆಸುವುದಾದರೆ ಆ ಶ್ರಮ ಎಷ್ಟೇ ಕಠಿಣವಾಗಿದ್ದರೂ ತಪಸ್ಸಾಗದು. ತಪಸ್ಸಿಗೂ ದುಡಿಮೆಗೂ ಇರುವ ಭೇದ ಬೆವರಿನ ಪ್ರಮಾಣದಲ್ಲಿಲ್ಲ, ಮಿತಿಯಲ್ಲಿದೆ.

ಇಲ್ಲಿ ಗೃಹಸ್ಥನು ಕೊಡುವ ಪ್ರಬಲವಾದ ಉತ್ತರವೊಂದಿದೆ: "ಇದೆಲ್ಲ ನನಗಾಗಿ ಅಲ್ಲ, ಮಕ್ಕಳಿಗಾಗಿ." ಈ ಮಾತಿನ ಮುಂದೆ ಉಪದೇಶಕರೂ ಮೌನವಾಗುತ್ತಾರೆ. ಏಕೆಂದರೆ ಅದರಲ್ಲಿ ಸ್ವಾರ್ಥವು ತ್ಯಾಗದ ಉಡುಪನ್ನು ತೊಟ್ಟಿದೆಯೋ, ನಿಜವಾಗಿ ತ್ಯಾಗವೇ ಇದೆಯೋ ಎಂದು ಹೊರಗಿನವರು ಹೇಳಲಾರರು. ಅದನ್ನು ತಾನೇ ಪರೀಕ್ಷಿಸಿಕೊಳ್ಳಬೇಕು. ಪರೀಕ್ಷೆ ಸರಳವಾದುದು. ಮಕ್ಕಳಿಗೆ ಎಷ್ಟು ಸಾಕು ಎಂದು ಒಂದು ಸಂಖ್ಯೆಯನ್ನು ಅವನು ಹೇಳಬಲ್ಲನೇ? ಹೇಳಬಲ್ಲನಾದರೆ ಅದು ವಾತ್ಸಲ್ಯ. ಆ ಸಂಖ್ಯೆಯೇ ಅವನ ಪರಿಗ್ರಹಪರಿಮಾಣಕ್ಕೆ ಅಡಿಗಲ್ಲು. ಹೇಳಲಾರನಾದರೆ ಮಕ್ಕಳ ಹೆಸರಿನಲ್ಲಿ ಬೆಳೆಯುತ್ತಿರುವುದು ಮೋಹವೆಂದೇ ತಿಳಿಯಬೇಕು. ಓದಿ ಪಟ್ಟಣ ಸೇರಿದ ಮಗ ಹೊಲಕ್ಕೆ ಮರಳದಿದ್ದಾಗ ಎಷ್ಟೋ ತಂದೆಯರು ಬದುಕೇ ವ್ಯರ್ಥವಾಯಿತೆಂದು ಕುಸಿಯುತ್ತಾರೆ. ಮಿತಿಯಿಲ್ಲದೆ ಕೂಡಿಟ್ಟುದರ ದುಃಖ ಅದು.

ಭೂಮಿಯ ಮಿತಿಯೆಂದಾಗ ನಮ್ಮ ಹಿರಿಯರಿಗೆ ನೆನಪಾಗುವುದು ಸರಕಾರದ ಕಾಯ್ದೆ. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆ, ಅದಕ್ಕೆ 1974ರಲ್ಲಿ ಜಾರಿಗೆ ಬಂದ ತಿದ್ದುಪಡಿ, ಇವು ಒಂದು ಕುಟುಂಬ ಎಷ್ಟು ಭೂಮಿ ಹೊಂದಬಹುದೆಂದು ಗೆರೆ ಎಳೆದವು. ಆಗ ಗೆರೆಯ ಒಳಗೆ ಉಳಿಯಲು ಜಮೀನನ್ನು ಬಂಧುಗಳ ಹೆಸರಿಗೆ ಬರೆದವರ ಕಥೆ ನಾಡಿನ ಎಲ್ಲ ಸಮಾಜಗಳಲ್ಲಿಯೂ ಇದೆ. ಹೊರಗಿನಿಂದ ಬಂದ ಮಿತಿಗೆ ಮನುಷ್ಯ ಸಂದಿಗಳನ್ನು ಹುಡುಕುತ್ತಾನೆ. ತಾನೇ ಗುರುಗಳ ಮುಂದೆ, ಜಿನಬಿಂಬದ ಸಾಕ್ಷಿಯಾಗಿ ಹಾಕಿಕೊಂಡ ಮಿತಿಯಲ್ಲಿ ಸಂದಿಯನ್ನು ಹುಡುಕಿದರೆ ಮೋಸಹೋಗುವವನು ತಾನೇ. ಅಣುವ್ರತದ ಬಲವಿರುವುದು ಇದರಲ್ಲಿ. ಎಕರೆಗಳ ಮಿತಿಯೊಂದೇ ಅಲ್ಲ, ಬೆಳೆಯ ಆಯ್ಕೆಯೂ ಮಿತಿಗೆ ಒಳಪಡತಕ್ಕದ್ದು. ನಿಪ್ಪಾಣಿ ಸೀಮೆ ತಂಬಾಕಿಗೆ ಬಹುಕಾಲದಿಂದ ಹೆಸರಾದದ್ದು. ಯಾವ ಬೆಳೆಗೆ ಹೆಚ್ಚು ಹಣ ಎಂಬ ಪ್ರಶ್ನೆಯ ಜೊತೆಗೆ ಅದು ಯಾರ ದೇಹವನ್ನು ಸೇರಿ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನೂ ಬಿತ್ತುವ ಮೊದಲು ಕೇಳಿಕೊಳ್ಳಬೇಕಾದವನು ಶ್ರಾವಕ.

ಇನ್ನು ಉಪವಾಸದ ವಿಷಯ. ಅಷ್ಟಮಿ, ಚತುರ್ದಶಿಗಳಲ್ಲಿ ಆಚರಿಸುವ ಪ್ರೋಷಧೋಪವಾಸವು ಹಿಂದಿನ ದಿನದ ಏಕಭುಕ್ತದಿಂದ ಆರಂಭವಾಗಿ ಮರುದಿನದ ಏಕಭುಕ್ತದಲ್ಲಿ ಮುಗಿಯುವ ಹದಿನಾರು ಪ್ರಹರಗಳ ವ್ರತ. ಉಪವಾಸದ ದಿನ ಬಿಡಬೇಕಾದುದು ಆಹಾರವೊಂದನ್ನೇ ಅಲ್ಲ. ಐದು ಪಾಪಗಳೊಡನೆ ಅಲಂಕಾರ, ಸ್ನಾನಾದಿಗಳನ್ನೂ, ಮುಖ್ಯವಾಗಿ ಆರಂಭವನ್ನೂ ಬಿಡಬೇಕೆಂದು ಸಮಂತಭದ್ರರು ವಿಧಿಸಿದ್ದಾರೆ. ನಮ್ಮ ರೂಢಿಯಲ್ಲಿ ಏನಾಗಿದೆ? ಆಹಾರ ಬಿಡುವುದನ್ನು ಹಿಡಿದುಕೊಂಡೆವು, ಆರಂಭ ಬಿಡುವುದನ್ನು ಮರೆತೆವು. ಬರಿಹೊಟ್ಟೆಯಲ್ಲಿ ದಿನವಿಡೀ ಗಳೆ ಹೊಡೆದು, "ನಿಟ್ಟುಪವಾಸ ಮಾಡಿಯೂ ಮೂರೆಕರೆ ಹರಗಿದೆ" ಎಂದು ಹೇಳಿಕೊಳ್ಳುವುದನ್ನು ಕೇಳುತ್ತೇವೆ. ಆ ಶಕ್ತಿ ಮೆಚ್ಚತಕ್ಕದ್ದೇ. ಆದರೆ ಆ ದಿನ ಎತ್ತಿಗೆ ಏನು ದೊರೆಯಿತು? ನೆಲದ ಜೀವಗಳಿಗೆ ಏನು ದೊರೆಯಿತು? ಒಡೆಯನ ಉಪವಾಸದ ದಿನ ಎತ್ತಿನ ಕೊರಳಿನಿಂದ ನೊಗ ಇಳಿಯುವುದಾದರೆ ಆ ವ್ರತ ಅವನ ಹೊಟ್ಟೆಯನ್ನು ದಾಟಿ ಹೊಲವನ್ನು ಮುಟ್ಟಿತೆನ್ನಬಹುದು. ಸೋಮವಾರ ಎತ್ತು ಹೂಡಬಾರದೆಂಬ ಕಟ್ಟಳೆಯನ್ನು ನಮ್ಮ ನಾಡಿನ ಅನ್ಯಮತೀಯ ರೈತರು ಅನೇಕ ಕಡೆ ಪಾಲಿಸಿಕೊಂಡು ಬಂದಿದ್ದಾರೆ. ಅಹಿಂಸೆಯನ್ನೇ ಪರಮಧರ್ಮವೆಂದು ನಂಬಿದ ನಮಗೆ ಅಷ್ಟಮಿ ಚತುರ್ದಶಿಗಳಲ್ಲಿ ಅಷ್ಟು ಮಾಡುವುದು ಅಸಾಧ್ಯವಾಗಬಾರದು.

ಇದೇ ಸಂದರ್ಭದಲ್ಲಿ ಮನೆಯೊಳಗಿನ ಒಂದು ಪದ್ಧತಿಯನ್ನೂ ಹೇಳಲೇಬೇಕು. ಬಹಳ ಮನೆಗಳಲ್ಲಿ ದುಡಿಮೆ ಯಜಮಾನನಿಗೆ, ಉಪವಾಸ ಯಜಮಾನಿತಿಗೆ ಎಂಬಂತೆ ಹಂಚಿಕೆಯಾಗಿದೆ. "ನಮ್ಮ ಮನೆಯಲ್ಲಿ ಆಕೆ ಎಲ್ಲ ವ್ರತಗಳನ್ನೂ ಹಿಡಿಯುತ್ತಾಳೆ" ಎಂದು ಗಂಡಂದಿರು ಅಭಿಮಾನದಿಂದ ಹೇಳುತ್ತಾರೆ. ಹೆಂಡತಿ ಹಿಡಿದ ವ್ರತದಿಂದ ಗಂಡನ ಕರ್ಮನಿರ್ಜರೆಯಾಗುವುದಿಲ್ಲವೆಂಬುದು ನಮ್ಮ ಸಿದ್ಧಾಂತದ ಮೊದಲ ಪಾಠ. ತಾನು ಮಾಡಿದ್ದನ್ನು ತಾನೇ ಅನುಭವಿಸತಕ್ಕದ್ದು. ಅದಕ್ಕಿಂತಲೂ ವಿಚಾರಣೀಯವಾದುದು ಆಕೆಯ ಉಪವಾಸದ ದಿನಚರಿ. ನೀರನ್ನೂ ಮುಟ್ಟದ ಆ ತಾಯಿ ಅಂದು ಕೂಡ ಎಂದಿನಂತೆ ಒಲೆಯ ಮುಂದೆ ಕುಳಿತು ಮನೆಯವರಿಗೂ ಆಳುಗಳಿಗೂ ರೊಟ್ಟಿ ಬಡಿಯುತ್ತಾಳೆ, ಬುತ್ತಿ ಹೊತ್ತು ಹೊಲಕ್ಕೆ ನಡೆಯುತ್ತಾಳೆ, ಸಂಜೆ ದನ ಕರೆಯುತ್ತಾಳೆ. ಆಕೆಗೆ ಆರಂಭತ್ಯಾಗವೆಲ್ಲಿ ಒದಗಿತು? ಶ್ರಾವಿಕೆಯ ಪ್ರೋಷಧವು ಪೂರ್ಣವಾಗಬೇಕಾದರೆ ಆ ದಿನ ಅವಳ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಳ್ಳಬೇಕು. ಒಲೆ ಹಚ್ಚಲಾರೆನೆನ್ನುವ ಯಜಮಾನನು ಹಿಂದಿನ ದಿನದ ಏಕಭುಕ್ತಕ್ಕಾದರೂ ಜೊತೆಯಾಗಿ, ಅಷ್ಟಮಿಯಂದು ಬುತ್ತಿಯ ಭಾರವನ್ನು ತಾನೇ ಹೊರಬಹುದು. ಅವನ ದುಡಿಮೆ ತಪಸ್ಸಾಗುವ ದಿನ ಅದು.

ಋತುಧರ್ಮದ ವಿಷಯದಲ್ಲಿಯೂ ಒಂದು ವಿಚಿತ್ರವನ್ನು ಕಾಣುತ್ತೇವೆ. ಮಳೆಗಾಲದಲ್ಲಿ ನೆಲದ ಮೇಲೆ ಜೀವರಾಶಿ ಹೆಚ್ಚುವುದೆಂದು ಮುನಿಗಳು ವಿಹಾರವನ್ನು ನಿಲ್ಲಿಸಿ ಚಾತುರ್ಮಾಸದಲ್ಲಿ ನೆಲೆಸುತ್ತಾರೆ. ಅದೇ ಮಳೆ ರೈತನನ್ನು ಹೊಲಕ್ಕೆ ಕರೆಯುತ್ತದೆ. ಮುನಿಗಳು ಕಾಲೂರಲು ಅಳುಕುವ ನೆಲದಲ್ಲಿ ಇವನು ಕೂರಿಗೆ ಹೂಡಬೇಕು. ಮುನಿಗಳ ಆಹಾರದಾನಕ್ಕೆ ಬೇಕಾದ ಧಾನ್ಯವೂ ಆ ಕೂರಿಗೆಯಿಂದಲೇ ಬರುತ್ತದೆ. ಈ ವಿರೋಧವನ್ನು ಬುದ್ಧಿವಂತಿಕೆಯಿಂದ ಪರಿಹರಿಸಲು ಹೋಗಬಾರದು. ಅದನ್ನು ವಿನಯದಿಂದ ಹೊರಬೇಕು. ತನ್ನಿಂದಾಗುವ ಅನಿವಾರ್ಯವಾದ ಹಿಂಸೆಯನ್ನು ಹಿಂಸೆಯೆಂದೇ ತಿಳಿದು ಸಂಜೆ ಆಲೋಚನೆ, ಪ್ರತಿಕ್ರಮಣಗಳನ್ನು ಮಾಡುವ ರೈತನು, ಅದು ಹಿಂಸೆಯೇ ಅಲ್ಲವೆಂದು ವಾದಿಸುವ ಪಂಡಿತನಿಗಿಂತ ಮೋಕ್ಷಮಾರ್ಗಕ್ಕೆ ಸಮೀಪನಾಗಿರುತ್ತಾನೆ.

ಈ ಮಾತು ಎಲ್ಲಕ್ಕಿಂತ ಕಠಿಣವಾಗಿ ಪರೀಕ್ಷೆಗೆ ಒಳಗಾಗುವುದು ಕೀಟನಾಶಕದ ವಿಷಯದಲ್ಲಿ. ಸೋಮದೇವರ ಹೋಲಿಕೆಯಲ್ಲಿ ರೈತನನ್ನು ಉಳಿಸಿದ್ದು ಅವನ ಅಭಿಪ್ರಾಯ. ನೇಗಿಲು ಹಿಡಿದವನ ಅಭಿಪ್ರಾಯ ಅನ್ನದ ಕಡೆಗಿದೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆಯುವವನ ಅಭಿಪ್ರಾಯ? ಆ ಕ್ಷಣದಲ್ಲಿ ಹುಳು ಸಾಯಬೇಕೆಂಬುದೇ ಅವನ ಸಂಕಲ್ಪ, ಹುಳು ತ್ರಸಜೀವಿ. ಇದನ್ನು ವಿರೋಧಿ ಹಿಂಸೆಯೆಂದು ಕೆಲವರು ಸಮರ್ಥಿಸುತ್ತಾರೆ. ಆದರೆ ವೈರದಿಂದ ಮೇಲೆಬಿದ್ದವನನ್ನು ತಡೆಯುವುದಕ್ಕೂ ಹಸಿವಿನಿಂದ ಎಲೆಯನ್ನು ಕಡಿದ ಹುಳುವನ್ನು ಕೊಲ್ಲುವುದಕ್ಕೂ ಭೇದವಿಲ್ಲವೆನ್ನುವುದು ಕಷ್ಟ. ಔಷಧಿಯನ್ನು ಇಂದೇ ಸಂಪೂರ್ಣವಾಗಿ ಬಿಡೆಂದು, ಸಾಲದಲ್ಲಿ ಮುಳುಗಿದ ರೈತನಿಗೆ ಅಂಗಡಿಯ ಗಾದಿಯ ಮೇಲೆ ಕುಳಿತು ಹೇಳುವುದೂ ಅಷ್ಟೇ ಅನುಚಿತ. ಆದರೂ ಅವನ ಕೈಯಲ್ಲಿ ಇರುವುದು ಸ್ವಲ್ಪವಲ್ಲ. ರೋಗವಿರಲಿ ಇಲ್ಲದಿರಲಿ ವಾರ ಎಣಿಸಿ ಸಿಂಪಡಿಸುವುದನ್ನು ಬಿಡಬಹುದು. ಹೊತ್ತಿಗೆ ಸರಿಯಾಗಿ ಬಿತ್ತಿ, ಬೆಳೆ ಬದಲಿಸಿ ಹುಳುವಿನ ಹಾವಳಿಯನ್ನೇ ಕುಗ್ಗಿಸಬಹುದು. ಬೇವಿನ ಬೀಜದ ಕಷಾಯವು ಕೀಟಕ್ಕೆ ಸಂಪೂರ್ಣ ನಿರುಪದ್ರವಿಯಲ್ಲದಿದ್ದರೂ ಎಲೆಯನ್ನು ತಿನ್ನದಂತೆ ಅದನ್ನು ಹಿಮ್ಮೆಟ್ಟಿಸುವ ಗುಣ ಅದಕ್ಕಿದೆ. ಒಂದು ಎಕರೆಯನ್ನಾದರೂ ವಿಷವಿಲ್ಲದೆ ಬೆಳೆಯುವ ನಿಯಮವನ್ನು ಹಿಡಿಯಬಹುದು. ಇಷ್ಟಾದ ಮೇಲೂ ಹೊಡೆಯಬೇಕಾಗಿ ಬಂದರೆ ಅದನ್ನು ಔಷಧಿಯೆಂಬ ಸೌಮ್ಯವಾದ ಹೆಸರಿನಲ್ಲಿ ಮರೆಮಾಡದೆ, ವಿಷವೆಂದು ತಿಳಿದೇ ಹೊಡೆಯಲಿ. ಅಂದು ಮನಸ್ಸು ನೋಯಲಿ. ನೋವು ಉಳಿದಿರುವವರೆಗೆ ವ್ರತದ ಬೇರು ಒಣಗುವುದಿಲ್ಲ.

ಕಬ್ಬಿನ ರವದಿಯನ್ನು ಸುಡುವುದೂ ಇದೇ ಜಾತಿಯ ವಿಷಯ, ಆದರೆ ಇದರಲ್ಲಿ ಧರ್ಮಸಂಕಟವಿಲ್ಲ. ಅನರ್ಥದಂಡಗಳಲ್ಲಿ ಒಂದಾದ ಪ್ರಮಾದಚರ್ಯೆಯನ್ನು ವಿವರಿಸುವಾಗ, ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು ಇವನ್ನು ಆಚಾರ್ಯರು ಹೆಸರಿಸಿದ್ದಾರೆ. ರವದಿಯ ಕೆಳಗೆ ಹಾವು, ಹಲ್ಲಿ, ಹಕ್ಕಿಯ ಗೂಡು, ಲೆಕ್ಕವಿಲ್ಲದ ಹುಳುಗಳು ಇರುತ್ತವೆ. ಒಂದು ಕಡ್ಡಿ ಗೀರಿದರೆ ಅರ್ಧ ತಾಸಿನಲ್ಲಿ ಎಲ್ಲವೂ ಬೂದಿ. ಅದನ್ನೇ ಸಾಲುಗಳ ನಡುವೆ ಹಾಸಿದರೆ ನೆಲದ ತೇವ ಉಳಿಯುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಹಸ್ತಿನಾಪುರದಲ್ಲಿ ಶ್ರೇಯಾಂಸರಾಜನು ದೀರ್ಘಕಾಲ ನಿರಾಹಾರಿಗಳಾಗಿದ್ದ ವೃಷಭದೇವರಿಗೆ ಇಕ್ಷುರಸವನ್ನು ದಾನಮಾಡಿದ ದಿನವನ್ನು ಅಕ್ಷಯ ತೃತೀಯೆಯಾಗಿ ನಾವು ಆಚರಿಸುತ್ತೇವೆ. ಪ್ರಥಮ ಪಾರಣೆಯ ರಸ ಕೊಟ್ಟ ಆ ಬೆಳೆಯನ್ನು ಬೆಳೆಯುವ ಶ್ರಾವಕನು ಕಟಾವಾದ ಹೊಲಕ್ಕೆ ಬೆಂಕಿಯಿಡದಿರುವ ನಿಯಮವನ್ನು ಆ ದಿನ ಸ್ವೀಕರಿಸುವುದು ಎಷ್ಟು ಅರ್ಥಪೂರ್ಣ!

ವ್ರತ ಚಿಕ್ಕದಾಯಿತೆಂದು ಯಾರೂ ಸಂಕೋಚಪಡಬೇಕಾಗಿಲ್ಲ. ಅಹಿಂಸಾಣುವ್ರತಕ್ಕೆ ದೃಷ್ಟಾಂತವಾಗಿ ಸಮಂತಭದ್ರರು ಒಬ್ಬ ರಾಜನನ್ನಾಗಲಿ ಶ್ರೇಷ್ಠಿಯನ್ನಾಗಲಿ ಹೇಳಲಿಲ್ಲ, ಮಾತಂಗನೊಬ್ಬನನ್ನು ಹೇಳಿದರು. ಅವನೇ ಯಮಪಾಲ. ಅಪರಾಧಿಗಳನ್ನು ಕೊಲ್ಲುವುದೇ ಅವನ ಕುಲವೃತ್ತಿ. ಅವನು ಮುನಿಗಳಿಂದ ಪಡೆದ ವ್ರತ ಒಂದೇ: ಚತುರ್ದಶಿಯಂದು ಕೊಲ್ಲುವುದಿಲ್ಲ. ಆ ದಿನವೇ ರಾಜಾಜ್ಞೆ ಬಂದಾಗ ಅವನು ಜೀವದ ಆಸೆಯನ್ನು ತೊರೆದು ನಿರಾಕರಿಸಿದನು. ನೀರಿಗೆ ಎಸೆಯಲ್ಪಟ್ಟರೂ ದೇವತೆಗಳಿಂದ ಪೂಜಿತನಾದನೆಂದು ಕಥೆ. ಹದಿನೈದು ದಿನಗಳಿಗೊಮ್ಮೆ ಬರುವ ಒಂದೇ ದಿನದ ವ್ರತ! ಆದರೆ ಅದು ಅವನ ವೃತ್ತಿಯ ನಡುವಿನಲ್ಲಿಯೇ, ಅತ್ಯಂತ ಕಷ್ಟವಾದ ಸ್ಥಳದಲ್ಲಿಯೇ ಎಳೆದ ಗೆರೆ. ತನಗೆ ಸುಲಭವಾದುದನ್ನು ಬಿಡುವುದು ವ್ರತದ ಆರಂಭವಿರಬಹುದು; ತನ್ನ ಕಸುಬಿನ ಮರ್ಮದಲ್ಲಿ ಮಿತಿಯನ್ನು ಇಟ್ಟುಕೊಳ್ಳುವುದು ಅದರ ಸಾರ. ಸಂತೆಯ ಬೆಂಡುಬತ್ತಾಸು ಬಿಟ್ಟೆನೆಂಬ ರೈತನಿಗಿಂತ, ಅಷ್ಟಮಿಯಂದು ನೊಗ ಇಳಿಸುವ ರೈತನು ಯಮಪಾಲನ ಹಾದಿಯಲ್ಲಿದ್ದಾನೆ.

ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು 1872ರಲ್ಲಿ ಜನಿಸಿದ್ದು ಚಿಕ್ಕೋಡಿ ಸೀಮೆಯ ಭೋಜ ಗ್ರಾಮದ ಪಾಟೀಲ ಮನೆತನದಲ್ಲಿ, ಒಕ್ಕಲುತನದ ಮನೆಯಲ್ಲಿ. ನಲವತ್ತು ವರ್ಷ ದಾಟುವವರೆಗೂ ಅವರು ಗೃಹದಲ್ಲಿಯೇ ಇದ್ದರು. ದಿಗಂಬರ ಮುನಿಪರಂಪರೆಗೆ ಈ ಕಾಲದಲ್ಲಿ ಹೊಸ ಚೈತನ್ಯವನ್ನು ತಂದು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದ ಆ ಮಹಾತ್ಮರ ಪಾದಗಳು ಮೊದಲು ನಡೆದದ್ದು ಹೊಲದ ಮಣ್ಣಿನಲ್ಲಿ. ಎಲ್ಲ ರೈತರೂ ಮುನಿಗಳಾಗಲಾರರು, ಆಗಬೇಕೆಂಬ ಆಗ್ರಹವೂ ಇಲ್ಲ. ಆದರೆ ನೇಗಿಲು ಮೋಕ್ಷಮಾರ್ಗಕ್ಕೆ ಅಡ್ಡವಾಗಿ ಬಿದ್ದಿಲ್ಲವೆಂದು ಅರಿಯಲು ಇದಕ್ಕಿಂತ ಸಮೀಪದ ನಿದರ್ಶನ ನಮಗೆ ಬೇಕಾಗಿಲ್ಲ.

ಆದುದರಿಂದ ಒಕ್ಕಲುತನದ ಶ್ರಾವಕ ಬಂಧುಗಳಲ್ಲಿ ವಿಜ್ಞಾಪನೆ ಇಷ್ಟೇ. ಬರುವ ಆಷಾಢದ ಅಷ್ಟಾಹ್ನಿಕದಲ್ಲಿ, ಬಿತ್ತನೆಯ ಗಡಿಬಿಡಿಯ ನಡುವೆಯೇ, ಒಂದು ಸಂಜೆ ಮನೆಯವರೆಲ್ಲರೂ ಕೂಡಿ ಕುಳಿತುಕೊಳ್ಳಿರಿ. ಎಷ್ಟು ಭೂಮಿ ಸಾಕು, ಎಷ್ಟು ಸಾಲ ಸಾಕು, ಯಾವ ದಿನ ನೊಗ ಇಳಿಯಬೇಕು, ಆಳಿನ ಕೂಲಿ ಯಾವ ದಿನ ಮುಟ್ಟಬೇಕು, ಯಾವ ಹೊಲಕ್ಕೆ ವಿಷ ಬೇಡ, ಅಷ್ಟಮಿಯಂದು ಮನೆಯ ತಾಯಿಯ ಕೆಲಸ ಯಾರ ಪಾಲಿಗೆ ಎಂಬುದನ್ನು ನಿಶ್ಚಯಿಸಿರಿ. ರಾತ್ರಿ ನೀರು ಬಿಡಬೇಕಾದ ದಿನಗಳಲ್ಲಿಯೂ ಸೂರ್ಯಾಸ್ತದ ಮೊದಲೇ ಬುತ್ತಿ ಬಿಚ್ಚುವ ಏರ್ಪಾಡು ಸಾಧ್ಯವೇ ಎಂದು ನೋಡಿರಿ. ಇವುಗಳಲ್ಲಿ ಒಂದನ್ನೇ ಹಿಡಿದರೂ ಚಿಂತೆಯಿಲ್ಲ. ಹಿಡಿದುದನ್ನು ಬಸದಿಯಲ್ಲಿ ದೇವರ ಸನ್ನಿಧಿಯಲ್ಲಿ ಹೇಳಿ ಹಿಡಿಯಿರಿ, ಕಾಲದ ಅವಧಿಯನ್ನು ಗೊತ್ತುಮಾಡಿ ಹಿಡಿಯಿರಿ. ದುಡಿಮೆ ನಿಲ್ಲಬೇಕಾಗಿಲ್ಲ. ಹೊಲಕ್ಕೆ ಬದು ಇರುವಂತೆ ದುಡಿಮೆಗೂ ಒಂದು ಬದು ಇರಲಿ. ಬದುವಿಲ್ಲದ ಹೊಲದಲ್ಲಿ ಎಷ್ಟು ಮಳೆ ಸುರಿದರೂ ನೀರು ನಿಲ್ಲುವುದಿಲ್ಲವೆಂಬುದನ್ನು ರೈತನಿಗೆ ಯಾರೂ ಕಲಿಸಬೇಕಾಗಿಲ್ಲ.